ತಕ್ಕಡಿಗೆ ಹಾಕುವ ಮುನ್ನ: ಹಳೆಯ ಪಾತ್ರೆ-ಪಡಗಗಳ ಸಂಗ್ರಹ ಮತ್ತು ವ್ಯಾಪಾರ

ಹಳೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಇಲ್ಲವೇ ಊರಿನ ಮನೆಗೆ ಬೀಗ ಹಾಕಿ ಪಟ್ಟಣ ಸೇರುವಾಗ ಅಟ್ಟದಿಂದ ಇಳಿಯುವ ಸಾಮಾನುಗಳನ್ನು ಪಾತ್ರೆ ವ್ಯಾಪಾರಸ್ಥರೆಲ್ಲರೂ ಬಲ್ಲರು. ತಾಮ್ರದ ಹಂಡೆ, ಹಿತ್ತಾಳೆಯ ಕೊಪ್ಪರಿಗೆ, ಕಂಚಿನ ತಟ್ಟೆ, ಶಾವಿಗೆ ಒತ್ತು, ಗಿಂಡಿ, ದೀಪದ ಕಂಬ ಮುಂತಾದುವು ಗೋಣಿಚೀಲದಲ್ಲಿ ನಮ್ಮ ಅಂಗಡಿಗಳಿಗೆ ಬರುತ್ತವೆ. ತೂಕ ಮಾಡಿ, ಅಂದಿನ ಗುಜರಿ ದರ ಕಟ್ಟಿ, ಬದಲಿಗೆ ಹೊಸ ಸ್ಟೀಲ್ ಪಾತ್ರೆ ಕೊಟ್ಟು ಕಳುಹಿಸುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಆ ಚೀಲ ಮುಂದೆ ಎರಕದ ಕುಲುಮೆಗೆ ಹೋಗುತ್ತದೆ.

ಅಮೆರಿಕದಲ್ಲಿ ಮನೆ ಖಾಲಿ ಮಾಡುವವರು ವಾರಾಂತ್ಯದಲ್ಲಿ ಹಳೆಯ ಸಾಮಾನುಗಳನ್ನು ಮನೆಯಂಗಳದಲ್ಲಿ ಹರಡಿ ಮಾರುವ ರೂಢಿಯಿದೆ. ಕಾರ್ನಿಂಗ್ ಕಂಪನಿಯು 1915ರಲ್ಲಿ ಮಾರುಕಟ್ಟೆಗೆ ತಂದ ಪೈರೆಕ್ಸ್ ಗಾಜಿನ ಪಾತ್ರೆಗಳ ಹಳೆಯ ಮಾದರಿಗಳನ್ನು ಅಂತಹ ಅಂಗಳಗಳಲ್ಲಿ ಹುಡುಕಿ ಕೊಳ್ಳುವ ಸಂಗ್ರಾಹಕರು ಅಲ್ಲಿ ಬಹಳ ಮಂದಿ. ನಮ್ಮಲ್ಲಿ ಅಂಗಳದ ಮಾರಾಟವಿಲ್ಲ. ಮನೆಯ ಹಳೆಯ ವಸ್ತುವನ್ನು ಕೊನೆಯ ಬಾರಿಗೆ ಕಣ್ಣಿಟ್ಟು ನೋಡುವವನು ಪಾತ್ರೆ ಅಂಗಡಿಯವನೇ. ಆದುದರಿಂದ ಯಾವುದು ಉಳಿಯಬೇಕು, ಯಾವುದು ಕರಗಬೇಕು ಎಂಬ ತೀರ್ಮಾನ ನಮ್ಮ ತಕ್ಕಡಿಯ ಮುಂದೆಯೇ ಆಗುತ್ತದೆ.

ಈ ಲೇಖಕನಿಗೆ ಇದು ಮನವರಿಕೆಯಾದದ್ದು ತನ್ನ ಅಂಗಡಿಯ ತಪ್ಪಿನಿಂದಲೇ. ಹಲವು ವರ್ಷಗಳ ಹಿಂದೆ ಒಂದು ಕುಟುಂಬದವರು ಕಂಚಿನ ಅಗಲವಾದ ಪಾತ್ರೆಯೊಂದನ್ನು ತೂಕಕ್ಕೆ ಕೊಟ್ಟರು. ಅದರ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಹೊಡೆದ ಹೆಸರಿತ್ತು. ಹದಿನೈದು ದಿನಗಳ ಬಳಿಕ ಆ ಮನೆಯ ಹಿರಿಯ ಮಗಳು ಬಂದು, "ಅದು ನಮ್ಮಜ್ಜಿಯ ತವರಿನಿಂದ ಬಂದದ್ದು, ತಮ್ಮಂದಿರಿಗೆ ಗೊತ್ತಾಗಲಿಲ್ಲ. ಎಷ್ಟಾದರೂ ಕೊಡುತ್ತೇನೆ, ವಾಪಸು ಕೊಡಿ ಸ್ವಾಮಿ" ಎಂದರು. ಅಷ್ಟರಲ್ಲಿ ಲಾರಿ ಹೋಗಿಯಾಗಿತ್ತು. ಹೆಸರನ್ನು ನಾವು ಓದಿದ್ದೆವು, ಆದರೆ ಅದಕ್ಕೊಂದು ಬೆಲೆಯಿದೆಯೆಂದು ಎಣಿಸಿರಲಿಲ್ಲ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಹಳೆಯ ಪಾತ್ರೆ ತಿಂಗಳು ಕಳೆಯದೆ ಹೊರಗೆ ಹೋಗುವುದಿಲ್ಲ.

ಸಂಗ್ರಹಿಸಿದವರ ನಿದರ್ಶನ

ಈ ದಿಕ್ಕಿನಲ್ಲಿ ದಾರಿ ತೋರಿದವರಲ್ಲಿ ವ್ಯಾಪಾರಸ್ಥರೂ ಇದ್ದಾರೆ. ಅಹಮದಾಬಾದಿನಲ್ಲಿ ವಿಶಾಲಾ ಎಂಬ ಭೋಜನಾಲಯವನ್ನು ಕಟ್ಟಿದ ಸುರೇಂದ್ರ ಪಟೇಲ್ ಅವರು, ಕರಗಲು ಹೊರಟಿದ್ದ ಹಳೆಯ ಪಾತ್ರೆಗಳನ್ನು ಕೊಂಡು ಉಳಿಸಲಾರಂಭಿಸಿದರು. ಇಂದು ಅಲ್ಲಿರುವ 'ವೇಚಾರ್' ಪಾತ್ರೆಗಳ ವಸ್ತುಸಂಗ್ರಹಾಲಯದಲ್ಲಿ ಸಾವಿರಾರು ಪಾತ್ರೆಗಳಿವೆ. ಊಟಕ್ಕೆ ಬಂದವರು ಸಂಗ್ರಹ ನೋಡುತ್ತಾರೆ, ಸಂಗ್ರಹ ನೋಡಲು ಬಂದವರು ಊಟ ಮಾಡುತ್ತಾರೆ.

ನಮ್ಮ ನಾಡಿನಲ್ಲಿಯೂ ಇಂತಹ ಕೆಲಸ ನಡೆದಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲಿದ್ದ ಮನೆಗಳನ್ನೇ ತಂದು ಮರುಸ್ಥಾಪಿಸಿ, ಅವುಗಳೊಂದಿಗೆ ಬಳಕೆಯ ವಸ್ತುಗಳನ್ನೂ ಕಾಪಾಡಿದರು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಬಂಟ್ವಾಳದಲ್ಲಿ ತುಕಾರಾಮ ಪೂಜಾರಿ ಅವರು ಕಟ್ಟಿದ ತುಳು ಬದುಕಿನ ವಸ್ತುಗಳ ಸಂಗ್ರಹ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇವೆಲ್ಲವೂ ಒಮ್ಮೆ ನೋಡಲೇಬೇಕಾದವು. ಯಾವ ವಸ್ತುವಿಗೆ ಯಾವ ಹೆಸರು, ಯಾವ ಉಪಯೋಗ ಎಂಬುದನ್ನು ಕಲಿಯಲು ವ್ಯಾಪಾರಸ್ಥನಿಗೆ ಇವು ಪಾಠಶಾಲೆಗಳಿದ್ದಂತೆ. ತಮಿಳುನಾಡಿನ ಕಾರೈಕುಡಿಯಲ್ಲಂತೂ ಚೆಟ್ಟಿನಾಡಿನ ದೊಡ್ಡ ಮನೆಗಳಿಂದ ಹೊರಬಂದ ಪಾತ್ರೆ, ಎನಾಮಲ್ ಡಬ್ಬಿ, ಮರಗೆಲಸಗಳನ್ನು ಮಾರುವ ಅಂಗಡಿಗಳ ಬೀದಿಯೇ ಇದೆ. ಮನೆಬಳಕೆಯ ಹಳೆಯ ವಸ್ತು ಸ್ವತಂತ್ರ ವ್ಯಾಪಾರವಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗುರುತಿಸುವ ಬಗೆ

ಹಳೆಯದೆಲ್ಲವೂ ಬೆಲೆಯುಳ್ಳದ್ದಲ್ಲ. ತೂತು ಬಿದ್ದು ತೆಳುವಾದ ಬಿಂದಿಗೆ ಗುಜರಿಗೆ ಹೋಗುವುದೇ ಸರಿ. ಬೇರ್ಪಡಿಸುವಾಗ ಗಮನಿಸಬೇಕಾದ ಅಂಶಗಳು ಹೀಗಿವೆ.

ಮೊದಲನೆಯದು ಲೋಹ. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಣ. ಕಂಚು ತಾಮ್ರ ಮತ್ತು ತವರದ ಮಿಶ್ರಣ. ಊಟದ ಪಾತ್ರೆಗೆ ಬಳಸುವ ಉತ್ತಮ ಕಂಚಿನಲ್ಲಿ ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರವಿರುತ್ತದೆ. ಅದನ್ನು ತಟ್ಟಿದರೆ ದೀರ್ಘವಾದ ನಾದ ಹೊರಡುತ್ತದೆ. ಬಿರುಕು ಬಿಟ್ಟಿದ್ದರೆ ದನಿ ಒಡೆಯುತ್ತದೆ.

ಎರಡನೆಯದು ಕೈಕೆಲಸ. ಬಡಿದು ಮಾಡಿದ ಪಾತ್ರೆಯ ಮೈಮೇಲೆ ಸುತ್ತಿಗೆಯ ಏಟುಗಳು ಕಾಣುತ್ತವೆ. ಯಂತ್ರದಲ್ಲಿ ತಿರುಗಿಸಿ ಮಾಡಿದ್ದರಲ್ಲಿ ಸಮನಾದ ವೃತ್ತಾಕಾರದ ಗೆರೆಗಳಿರುತ್ತವೆ. ನಿಜವಾಗಿ ಬಳಸಿದ ಪಾತ್ರೆಯ ಸವೆತ ತಳದಲ್ಲಿ, ಹಿಡಿಯಲ್ಲಿ, ಕಂಠದಲ್ಲಿ ಹೆಚ್ಚಾಗಿದ್ದು ಬೇರೆಡೆ ಕಡಿಮೆಯಿರುತ್ತದೆ. ಎಲ್ಲ ಕಡೆಯೂ ಒಂದೇ ಸಮನೆ ಕಪ್ಪಾಗಿದ್ದರೆ ಅದು ಆಮ್ಲ ಹಚ್ಚಿ ಹಳೆಯದಾಗಿಸಿದ ಹೊಸ ಪಾತ್ರೆಯೆಂದು ಶಂಕಿಸಬೇಕು.

ಮೂರನೆಯದು ಬರಹ. ಹೆಸರು, ಊರು, ಇಸವಿ, ತಯಾರಕನ ಮುದ್ರೆ ಇವು ವಸ್ತುವಿನ ಬೆಲೆಯನ್ನು ಹೆಚ್ಚಿಸುತ್ತವೆ. ಹುಣಸೆಹಣ್ಣಿನಿಂದ ಬೆಳಗುವುದು ಬೇರೆ, ಯಂತ್ರಕ್ಕೆ ಹಿಡಿದು ಹೊಳಪು ಕೊಡುವುದು ಬೇರೆ. ಯಂತ್ರದ ಹೊಳಪಿನಲ್ಲಿ ಅಕ್ಷರಗಳೂ ಸುತ್ತಿಗೆಯ ಗುರುತುಗಳೂ ಸವೆದುಹೋಗುತ್ತವೆ. ಸಂಗ್ರಾಹಕನು ಕೊಳ್ಳುವುದು ಆ ಗುರುತುಗಳನ್ನೇ.

ಲೋಹವಲ್ಲದ ವಸ್ತುಗಳನ್ನೂ ಕಡೆಗಣಿಸಬಾರದು. ಬಳಪದ ಕಲ್ಲಿನ ಪಾತ್ರೆ, ಉಪ್ಪಿನಕಾಯಿಯ ಪಿಂಗಾಣಿ ಜಾಡಿ, ಮರದ ಮರಿಗೆ, ಈಳಿಗೆ ಮಣೆ, ಸೇರು-ಪಾವುಗಳಿಗೆ ಅಪೇಕ್ಷಿಗಳಿದ್ದಾರೆ. ಸೇರು-ಪಾವುಗಳ ಕುರಿತು ಒಂದು ಎಚ್ಚರಿಕೆ: 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಿದ್ದು, ಹಳೆಯ ಮಾಪನಗಳನ್ನು ವ್ಯವಹಾರದ ಅಳತೆಗೆ ಬಳಸಲು ಕಾನೂನಿನಲ್ಲಿ ಅವಕಾಶವಿಲ್ಲ.

ಗ್ರಾಹಕನ ಆರೋಗ್ಯ

ಅಲಂಕಾರಕ್ಕೆಂದು ಮಾರುವ ವಸ್ತು ಮತ್ತು ಅಡುಗೆಗೆಂದು ಮಾರುವ ವಸ್ತು ಎರಡೂ ಒಂದೇ ಅಲ್ಲ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥ ಬೇಯಿಸುವುದು ಹಾನಿಕರ. ಕಲಾಯಿಗೆ ಶುದ್ಧ ತವರವನ್ನೇ ಬಳಸಬೇಕು. ಸೀಸ ಬೆರೆತ ತವರ ವಿಷಕ್ಕೆ ಸಮ. ಹಿಂದೆ ಸೀಸದ ಬೆಸುಗೆಯಿಂದ ರಿಪೇರಿ ಮಾಡಿದ ಪಾತ್ರೆಗಳನ್ನೂ, ಚಕ್ಕೆ ಎದ್ದ ಎನಾಮಲ್ ಪಾತ್ರೆಗಳನ್ನೂ ಅಡುಗೆಗೆ ಕೊಡಬಾರದು. ಈ ವಿಷಯವನ್ನು ಗ್ರಾಹಕರಿಗೆ ಬಾಯಿಮಾತಿನಲ್ಲಿ ಹೇಳುವುದಷ್ಟೇ ಅಲ್ಲ, ಬಿಲ್ಲಿನಲ್ಲಿಯೂ ಬರೆಯುವುದು ಉತ್ತಮ.

ಕಾನೂನು ಮತ್ತು ತೆರಿಗೆ

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯು 1976ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ, ಕುಶಲ ಕೃತಿಗಳು ಪುರಾವಸ್ತುವಿನ ವ್ಯಾಖ್ಯೆಗೆ ಒಳಪಡಬಹುದು. ಪುರಾವಸ್ತುಗಳ ಮಾರಾಟಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಹಳೆಯದಾಗಿ ಕಾಣುವ ಆದರೆ ಪುರಾವಸ್ತುವಲ್ಲದ ವಸ್ತುವನ್ನು ರಫ್ತು ಮಾಡುವವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪ್ರಮಾಣಪತ್ರ ಪಡೆಯುವುದು ಕ್ಷೇಮ. ದೇವಾಲಯದ ಹೆಸರಿರುವ ದೀಪ, ಗಂಟೆ, ತಂಬಿಗೆಗಳನ್ನು ಮೂಲ ವಿಚಾರಿಸದೆ ಕೊಳ್ಳಲೇಬಾರದು. ಕಳವಿನ ಮಾಲು ಅಂಗಡಿಗೆ ಬಂದರೆ ವರ್ಷಗಳ ಹೆಸರು ಒಂದು ದಿನದಲ್ಲಿ ಹೋಗುತ್ತದೆ. ಮಾರುವವರ ಗುರುತಿನ ಚೀಟಿಯ ಪ್ರತಿಯನ್ನೂ ವಸ್ತುವಿನ ಛಾಯಾಚಿತ್ರವನ್ನೂ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬೇಕು.

ತೆರಿಗೆಯ ವಿಷಯದಲ್ಲಿ ಒಂದು ಅನುಕೂಲವಿದೆ. ಕೇಂದ್ರ ಜಿಎಸ್‌ಟಿ ನಿಯಮಾವಳಿಯ 32(5)ನೇ ನಿಯಮದಂತೆ, ಬಳಸಿದ ವಸ್ತುಗಳನ್ನು ಇದ್ದಂತೆಯೇ ಅಥವಾ ಅದರ ಸ್ವರೂಪ ಬದಲಾಗದ ಸಣ್ಣಪುಟ್ಟ ಸಂಸ್ಕರಣೆಯ ಬಳಿಕ ಮಾರುವ ವ್ಯಾಪಾರಿಯು, ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕೊಡಬಹುದು. ಉದಾಹರಣೆಗೆ, 2,000 ರೂಪಾಯಿಗೆ ಕೊಂಡ ಹಂಡೆಯನ್ನು 3,200ಕ್ಕೆ ಮಾರಿದರೆ ತೆರಿಗೆ 1,200 ರೂಪಾಯಿಗೆ ಮಾತ್ರ. ಕರಗಿಸಿದ ಲೋಹಕ್ಕೆ ಈ ಸೌಲಭ್ಯ ಅನ್ವಯಿಸದು. ಇದಕ್ಕಾಗಿ ಪ್ರತಿಯೊಂದು ವಸ್ತುವಿನ ಖರೀದಿ ಮತ್ತು ಮಾರಾಟದ ಲೆಕ್ಕವನ್ನು ಪ್ರತ್ಯೇಕವಾಗಿಡಬೇಕು. ಲೆಕ್ಕಪರಿಶೋಧಕರ ಸಲಹೆ ಪಡೆದು ಮುಂದುವರಿಯುವುದು ಒಳ್ಳೆಯದು.

ಸಣ್ಣ ತಯಾರಕರಿಗೆ ಅವಕಾಶ

ಹಳೆಯ ಪಾತ್ರೆ ಮತ್ತೆ ಬಳಕೆಗೆ ಬಂದರೆ ಅದರ ಹಿಂದೆ ಹಲವು ಕೆಲಸಗಳು ಹುಟ್ಟುತ್ತವೆ. ಕಲಾಯಿ ಹಾಕುವವರಿಗೆ ಕೆಲಸ ಸಿಗುತ್ತದೆ. ಕಳೆದುಹೋದ ಮುಚ್ಚಳ, ಮುರಿದ ಹಿಡಿ, ಶಾವಿಗೆ ಒತ್ತಿನ ಬಿಲ್ಲೆಗಳನ್ನು ಮಾಡಿಕೊಡುವ ಲೇತ್ ಕಾರ್ಯಾಗಾರಗಳಿಗೆ ಬೇಡಿಕೆ ಬರುತ್ತದೆ. ಹಳೆಯ ಆಕಾರವನ್ನೇ ಮಾದರಿಯಾಗಿಟ್ಟುಕೊಂಡು ಹೊಸದಾಗಿ ತಯಾರಿಸುವುದೂ ಸಾಧ್ಯ. ಆದರೆ ಹೊಸದನ್ನು ಹೊಸದೆಂದೇ ಮುದ್ರೆ ಹಾಕಿ ಮಾರಬೇಕು. ಹೊಸದನ್ನು ಹಳೆಯದೆಂದು ಮಾರಿದವನು ಆ ಒಬ್ಬ ಗ್ರಾಹಕನನ್ನಷ್ಟೇ ಅಲ್ಲ, ಇಡೀ ಪೇಟೆಯ ನಂಬಿಕೆಯನ್ನೇ ಕಳೆಯುತ್ತಾನೆ.

ಇದಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ. ಅಂಗಡಿಯಲ್ಲಿ ಒಂದು ಕಪಾಟು, ಒಂದು ದಾಖಲೆ ಪುಸ್ತಕ, ಕೊಳ್ಳುವ ಮುನ್ನ "ಇದು ಯಾರದು, ಎಲ್ಲಿಂದ ಬಂತು, ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯೇ?" ಎಂಬ ಮೂರು ಪ್ರಶ್ನೆಗಳು, ಮತ್ತು ತಿಂಗಳ ಕಾಲ ತಡೆಯುವ ತಾಳ್ಮೆ ಇದ್ದರೆ ಸಾಕು. ಆ ಮೂರನೆಯ ಪ್ರಶ್ನೆಯನ್ನು ಕೇಳಿದ ಮೇಲೆ ನಮ್ಮ ಅಂಗಡಿಯಿಂದ ಎಷ್ಟೋ ಚೀಲಗಳು ತೂಕವಾಗದೆಯೇ ಮನೆಗೆ ಮರಳಿವೆ. ಅಂದಿನ ವ್ಯಾಪಾರ ನಮಗೆ ನಷ್ಟವಾದರೂ, ಅದೇ ಮನೆಯವರು ಮುಂದೆ ಮದುವೆಯ ಪಾತ್ರೆಗಳಿಗೆ ನಮ್ಮಲ್ಲಿಗೇ ಬಂದಿದ್ದಾರೆ. ಸದಸ್ಯ ಬಾಂಧವರು ತಮ್ಮ ಅಂಗಡಿಗಳಲ್ಲಿಯೂ ಈ ಕ್ರಮವನ್ನು ಪ್ರಯೋಗಿಸಿ ನೋಡಬೇಕೆಂದು ವಿನಂತಿ.