ಆಸ್ಪತ್ರೆಯ ಮಂಚದಿಂದ ಅಡುಗೆಮನೆಯ ನೆಲಕ್ಕೆ

ಒಂದು ಕಡೆಯ ಕೈ ಬಿಗಿದುಕೊಂಡಿರುವ ಮಗುವಿಗೆ ಅಂಗಿ ತೊಡಿಸುವಾಗ ಯಾವ ಕೈ ಮೊದಲು? ಬಿಗಿದ ಕೈಯೇ ಮೊದಲು. ಅದು ತೋಳಿನೊಳಗೆ ಸೇರಿದ ಮೇಲೆ ಚೆನ್ನಾಗಿರುವ ಕೈ ಹೇಗೋ ಬಾಗಿ ಬಳುಕಿ ತನ್ನ ತೋಳನ್ನು ಹುಡುಕಿಕೊಳ್ಳುತ್ತದೆ. ಬಿಚ್ಚುವಾಗ ಇದು ತಿರುಗುಮುರುಗು: ಚೆನ್ನಾಗಿರುವ ಕೈ ಮೊದಲು, ಬಿಗಿದದ್ದು ಕೊನೆಗೆ. ಇಷ್ಟನ್ನು ಯಾರಾದರೂ ಕೂತು ಹೇಳಿಕೊಟ್ಟರೆ, ದಿನಾ ಬೆಳಗ್ಗೆ ತಾಯಿ ಮಗು ಇಬ್ಬರೂ ಕಣ್ಣೀರು ಹಾಕಿಕೊಂಡು ಮುಗಿಸುತ್ತಿದ್ದ ಕೆಲಸ ಹಗುರಾಗುತ್ತದೆ. ಬರಬರುತ್ತಾ ಮಗುವೇ ಕೈ ಮುಂದೆ ಚಾಚತೊಡಗುತ್ತದೆ.

ಹೀಗೆ ಹೇಳಿಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಆಕ್ಯುಪೇಷನಲ್ ಥೆರಪಿಸ್ಟರು. ಫಿಸಿಯೋಥೆರಪಿ ಈಗ ತಾಲ್ಲೂಕು ಕೇಂದ್ರಗಳಿಗೂ ಗೊತ್ತು, ಇವರು ಇನ್ನೂ ಅಷ್ಟು ಪರಿಚಿತರಲ್ಲ. ಉಣ್ಣುವುದು, ಉಡುವುದು, ಸ್ನಾನ, ಶೌಚ, ಆಟ, ಬರವಣಿಗೆ, ಅಂದರೆ ಮಗುವಿನ ಇಡೀ ದಿನವನ್ನು ತುಂಬಿರುವ ಕೆಲಸಗಳೇ ಇವರ ಕ್ಷೇತ್ರ. ಈ ಕೆಲಸಗಳೆಲ್ಲ ನಡೆಯುವುದು ಮನೆಯಲ್ಲಿ ಮತ್ತು ಶಾಲೆಯಲ್ಲಿ. ಆದರೂ ಈ ವೃತ್ತಿ ಹುಟ್ಟಿದ್ದು ಆಸ್ಪತ್ರೆಯಲ್ಲಿ, ಅಲ್ಲಿಂದ ಹೊರಬೀಳಲು ಅದಕ್ಕೆ ಬಹಳ ಕಾಲ ಹಿಡಿಯಿತು. ನಮ್ಮಲ್ಲಂತೂ ಅದು ಇನ್ನೂ ಅರ್ಧ ದಾರಿಯಲ್ಲಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಗಳು ತಿಂಗಳುಗಟ್ಟಲೆ ಮಂಚದಲ್ಲೇ ಮಲಗಿರುತ್ತಿದ್ದರು. ವಿಶ್ರಾಂತಿಯೇ ಔಷಧಿ ಎಂದು ವೈದ್ಯರು ನಂಬಿದ್ದ ಕಾಲ. ಬಾಸ್ಟನ್ನಿನಲ್ಲಿ ದುಡಿಯುತ್ತಿದ್ದ ಸೂಸನ್ ಟ್ರೇಸಿ ಎಂಬ ನರ್ಸ್ ಕಂಡದ್ದೇ ಬೇರೆ. ಕೈಗೆ ಏನಾದರೂ ಕೆಲಸ ಸಿಕ್ಕ ರೋಗಿಗಳು ಬೇಗ ಚೇತರಿಸಿಕೊಳ್ಳುತ್ತಿದ್ದರು. ಹಾಸಿಗೆ ಹಿಡಿದವರಿಗೆ ಕೊಡಬಹುದಾದ ಕೈಗೆಲಸಗಳ ಬಗ್ಗೆ 1910ರಲ್ಲಿ ಆಕೆ ಪುಸ್ತಕವನ್ನೇ ಬರೆದರು. ಕ್ಷಯ ಮತ್ತು ಪಾರ್ಶ್ವವಾಯು ಎರಡರಿಂದಲೂ ನರಳಿದ್ದ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಕೆಲಸ ಮಾಡುತ್ತಲೇ ಚೇತರಿಸಿಕೊಂಡು, ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ ಒಂದು ಮನೆ ತೆರೆದಿದ್ದರು. 1917ರ ಮಾರ್ಚ್‌ನಲ್ಲಿ ಆ ಮನೆಯಲ್ಲಿ ಸೇರಿದ ಬೆರಳೆಣಿಕೆಯ ಮಂದಿ ಈ ವೃತ್ತಿಯ ಮೊದಲ ಸಂಘ ಕಟ್ಟಿದರು. ಅವರಲ್ಲಿ ಎಲೀನರ್ ಕ್ಲಾರ್ಕ್ ಸ್ಲೇಗಲ್ ಒಬ್ಬರು. ಮಾನಸಿಕ ಅಸ್ವಸ್ಥರ ದಿನಚರಿಯನ್ನು ಒಂದೊಂದೇ ಅಭ್ಯಾಸವಾಗಿ ಮತ್ತೆ ಕಟ್ಟಿಕೊಡುವ ಕ್ರಮವನ್ನು ರೂಪಿಸಿದವರು ಅವರು. ಮುಂದೆ ಮಕ್ಕಳ ವಿಷಯದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಆಲೋಚನೆ ಎಂದು ನನಗನ್ನಿಸುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಂದ ವೃತ್ತಿಗೆ ಬೇಡಿಕೆ ಬಂತು. ಮಕ್ಕಳ ವಾರ್ಡಿಗೆ ಅದನ್ನು ಕರೆತಂದದ್ದರಲ್ಲಿ ಪೋಲಿಯೊದ ಪಾಲು ದೊಡ್ಡದು. 1955ರಲ್ಲಿ ಸಾಕ್ ಲಸಿಕೆ ಬಂದ ಮೇಲೆ ಅಮೆರಿಕದಲ್ಲಿ ಪೋಲಿಯೊ ಇಳಿಮುಖವಾಯಿತು. ಅದೇ ಹೊತ್ತಿಗೆ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳು ಬದುಕುಳಿಯುವುದು ಹೆಚ್ಚುತ್ತಾ ಹೋಯಿತು, ಎಳೆಯ ಮೆದುಳಿಗಾದ ಪೆಟ್ಟಿನಿಂದ ಚಲನೆ ತೊಡಕಾಗುವ ಸೆರೆಬ್ರಲ್ ಪಾಲ್ಸಿಯ ಮಕ್ಕಳು ವೈದ್ಯರ ಗಮನದ ನಡುವಿಗೆ ಬಂದರು. ನಾಜಿಗಳ ಕಾಟಕ್ಕೆ ದೇಶ ಬಿಟ್ಟು ಲಂಡನ್ ಸೇರಿದ್ದ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ಈ ಮಕ್ಕಳ ಬಿಗಿದ ಸ್ನಾಯುಗಳನ್ನು ಹಿಡಿತ ಮತ್ತು ಭಂಗಿಗಳಿಂದ ಸಡಿಲಿಸುವ ವಿಧಾನ ರೂಪಿಸಿದರು. ಅದು ಜಗತ್ತಿನಾದ್ಯಂತ ಹರಡಿತು, ನಮ್ಮ ಥೆರಪಿ ಕೊಠಡಿಗಳಲ್ಲೂ ಅದರ ಛಾಯೆ ಈಗಲೂ ಇದೆ. ಹೊಸ ಸಂಶೋಧನೆಗಳು ಅದರ ಕಡೆಗೆ ಅಷ್ಟು ಒಲವು ತೋರುವುದಿಲ್ಲ. ಥೆರಪಿಸ್ಟರ ಕೈ ಮಗುವಿನ ಮೈಯನ್ನು ನಡೆಸುವುದಕ್ಕಿಂತ, ಮಗು ತನಗೆ ಬೇಕಾದ ಕೆಲಸವನ್ನು ತಾನೇ ಮತ್ತೆ ಮತ್ತೆ ಮಾಡಿದರೆ ಕಲಿಕೆ ಹೆಚ್ಚು ಎಂಬುದು ಈಗಿನ ತಿಳಿವಳಿಕೆ.

ಕ್ಯಾಲಿಫೋರ್ನಿಯಾದ ಥೆರಪಿಸ್ಟ್ ಜೀನ್ ಏರ್ಸ್ ಹಿಡಿದ ದಾರಿ ಬೇರೆ. ಕಣ್ಣು, ಕಿವಿ, ಚರ್ಮ, ಕೀಲುಗಳಿಂದ ಬರುವ ಸಂವೇದನೆಗಳನ್ನು ಮೆದುಳು ಸರಿಯಾಗಿ ಜೋಡಿಸಿಕೊಳ್ಳದಿದ್ದರೆ ಕಲಿಕೆಗೂ ತೊಡಕಾಗುತ್ತದೆ ಎಂಬುದು ಅವರ ವಾದ. 1972ರಲ್ಲಿ ಬಂದ ಅವರ ಪುಸ್ತಕ ಮಕ್ಕಳ ಥೆರಪಿಯ ನೋಟವನ್ನೇ ಬದಲಿಸಿತು. ಇಂದು ಬೆಂಗಳೂರಿನ ಬಡಾವಣೆಗಳಲ್ಲಿ ಕಾಣುವ ‘ಸೆನ್ಸರಿ ರೂಮು’ಗಳು, ಅಲ್ಲಿನ ಜೋಕಾಲಿ, ಬಣ್ಣದ ಚೆಂಡಿನ ತೊಟ್ಟಿ, ಮೈಮೇಲೆ ಉರುಳಿಸುವ ದೊಡ್ಡ ಬಲೂನು, ಎಲ್ಲಕ್ಕೂ ಮೂಲ ಅಲ್ಲಿದೆ. ಮಕ್ಕಳು ಅಲ್ಲಿ ನಲಿಯುತ್ತಾರೆ, ಅದು ಸಣ್ಣ ಮಾತಲ್ಲ. ಆದರೆ ತಂದೆತಾಯಿಗೆ ತಿಳಿದಿರಬೇಕಾದ ಒಂದು ಸಂಗತಿ ಇದೆ. ಆಟಿಸಂ ಇರುವ 138 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಏರ್ಸ್ ಅವರ ಈ ಸಂವೇದನಾ ಥೆರಪಿ ಅಲ್ಲಿನ ವಾಡಿಕೆಯ ಆರೈಕೆಗಿಂತ ಹೆಚ್ಚಿನ ಫಲ ಕೊಟ್ಟದ್ದು ಕಾಣಲಿಲ್ಲ. ಅದಕ್ಕೆ ಮುಂಚಿನ ಕೆಲವು ಸಣ್ಣ ಅಧ್ಯಯನಗಳು ಆಶಾದಾಯಕವಾಗಿದ್ದವು. ಮಗುವಿಗೆ ಕರ್ಕಶ ಸದ್ದು, ಚುಚ್ಚುವ ಬಟ್ಟೆ ತಡೆಯದು ಎಂದು ಅರ್ಥ ಮಾಡಿಕೊಂಡು ಅದಕ್ಕೆ ತಕ್ಕಂತೆ ಸುತ್ತಲನ್ನು ಬದಲಿಸುವುದು ಬೇರೆ, ಸೆಷನ್ನಿಗೆ ಇಷ್ಟು ಎಂದು ವರ್ಷಗಟ್ಟಲೆ ಹಣ ತೆತ್ತು ಜೋಕಾಲಿಯಲ್ಲಿ ಕೂರಿಸುವುದು ಬೇರೆ. ಮೊದಲನೆಯದನ್ನು ಏರ್ಸ್ ನಮಗೆ ಕಲಿಸಿಕೊಟ್ಟರು, ಆ ಋಣ ದೊಡ್ಡದು. ಎರಡನೆಯದಕ್ಕೆ ಸಾಲ ಮಾಡಬೇಕಾದ ಅಗತ್ಯ ಯಾವ ಮನೆಗೂ ಇಲ್ಲ.

ಥೆರಪಿಸ್ಟರನ್ನು ಆಸ್ಪತ್ರೆಯಿಂದ ಹೊರಗೆ ಕರೆದದ್ದು ಒಂದು ಕಾನೂನು. 1975ಕ್ಕೆ ಮುಂಚೆ ಅಮೆರಿಕದಲ್ಲಿ ಅಂಗವೈಕಲ್ಯವಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಶಾಲೆಗಳಿಂದ ಪೂರ್ತಿ ಹೊರಗಿದ್ದರು. ತಂದೆತಾಯಿಯರು ಕೋರ್ಟು ಹತ್ತಿದರು, ಬೀದಿಗಿಳಿದರು. ಆ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾನೂನು, ಈ ಮಕ್ಕಳಿಗೆಲ್ಲ ಉಚಿತ ಶಿಕ್ಷಣ ಕೊಡಬೇಕು, ಓದಿನ ಫಲ ಪಡೆಯಲು ಬೇಕಾದರೆ ಆಕ್ಯುಪೇಷನಲ್ ಥೆರಪಿಯನ್ನೂ ಶಾಲೆಯೇ ಒದಗಿಸಬೇಕು ಎಂದಿತು. ಮಣಿಕಟ್ಟು ಎಷ್ಟು ಡಿಗ್ರಿ ಬಾಗುತ್ತದೆ ಎಂದು ಅಳೆಯುತ್ತಿದ್ದವರು ಈಗ ಬೋರ್ಡಿನ ಮೇಲಿನದನ್ನು ಈ ಹುಡುಗಿ ನೋಡಿ ಬರೆದುಕೊಳ್ಳಬಲ್ಲಳೇ, ಊಟದ ಡಬ್ಬಿ ತೆರೆಯಬಲ್ಲಳೇ, ಬಿಡುವಿನಲ್ಲಿ ಗೆಳತಿಯರ ಜೊತೆ ಆಡಬಲ್ಲಳೇ ಎಂದು ನೋಡತೊಡಗಿದರು. 1986ರ ತಿದ್ದುಪಡಿ ಹುಟ್ಟಿನಿಂದ ಮೂರು ವರ್ಷದವರೆಗಿನ ಕೂಸುಗಳನ್ನೂ ಒಳಗೆ ತೆಗೆದುಕೊಂಡಿತು. ಅಷ್ಟು ಚಿಕ್ಕ ಮಕ್ಕಳು ಇರುವುದು ಮನೆಯಲ್ಲಿ, ಹಾಗಾಗಿ ಥೆರಪಿಸ್ಟರು ಮನೆಬಾಗಿಲಿಗೆ ಬಂದರು.

ನಮ್ಮ ದೇಶದ ಕತೆ ಒಬ್ಬ ಸೊಸೆಯಿಂದ ಆರಂಭವಾಗುತ್ತದೆ. ಅಮೆರಿಕದ ಕ್ವೇಕರ್ ಕುಟುಂಬದ ಎಲಿಜಬೆತ್ ಲಂಡಿ, ವಿಷ್ಣು ನಿಂಬಕರ್ ಅವರನ್ನು ಮದುವೆಯಾಗಿ 1930ರಲ್ಲಿ ಭಾರತಕ್ಕೆ ಬಂದು ಕಮಲಾ ನಿಂಬಕರ್ ಆದರು. ಮುಂದೆ ಫಿಲಡೆಲ್ಫಿಯಾಕ್ಕೆ ಹೋಗಿ ಈ ವಿದ್ಯೆ ಕಲಿತು ಮರಳಿ, 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಇಷ್ಟು ಬೇಗ ಹೊರಟವರು ಇಷ್ಟು ನಿಧಾನಕ್ಕೆ ನಡೆದದ್ದೇಕೆ ಎಂದು ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಶಿಕ್ಷಣ ಆಸ್ಪತ್ರೆಯಲ್ಲಿ, ನೌಕರಿ ಆಸ್ಪತ್ರೆಯಲ್ಲಿ, ಹೊರಗೆ ಬಾ ಎಂದು ಕರೆಯುವ ಕಾನೂನು ಆಗ ಇರಲಿಲ್ಲ. ಇವರು ಹೊರಗೆ ಹೋಗುವುದಾದರೂ ಎಲ್ಲಿಗೆ?

ಕರೆದವರು ತಾಯಂದಿರು. ಸೆರೆಬ್ರಲ್ ಪಾಲ್ಸಿ ಇದ್ದ ಮಗಳಿಗೆ ತಕ್ಕ ಶಾಲೆ ಸಿಗದೆ ಮಿಥು ಅಲೂರ್ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು. ಪಾಠ ಮತ್ತು ಥೆರಪಿ ಒಂದೇ ಸೂರಿನಡಿ ನಡೆಯಿತು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಆರಂಭವಾಯಿತು. ಎನ್.ಎಸ್. ಹೇಮಾ ಅವರು 1959ರಲ್ಲೇ ಕಟ್ಟಿದ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಆಗಲೇ ನಗರದಲ್ಲಿತ್ತು. ಮಣಿಪಾಲದಲ್ಲಿ ಈ ವಿಷಯದ ಪದವಿ ಶಿಕ್ಷಣ ಬಂತು. ಒಳ್ಳೆಯ ಕೆಲಸವಾಯಿತು, ಆದರೆ ಅದರಲ್ಲಿ ಬಹುಪಾಲು ವಿಶೇಷ ಶಾಲೆಗಳ ಒಳಗೆ ನಡೆಯಿತು. ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತ, ‘ಅಕ್ಷರ ದುಂಡಗಿಲ್ಲ’ ಎಂದು ಏಟು ತಿನ್ನುತ್ತಿದ್ದ ಹುಡುಗನ ಹತ್ತಿರ ಯಾರೂ ಹೋಗಲಿಲ್ಲ.

ಆ ಹುಡುಗನ ಮುಂದೆ ಸ್ವಲ್ಪ ಹೊತ್ತು ಕೂರೋಣ. ಕನ್ನಡದ ಅಕ್ಷರ ಸುತ್ತುತ್ತದೆ, ತಲೆಕಟ್ಟು ಏರುತ್ತದೆ, ಒತ್ತು ಗೆರೆಯ ಕೆಳಗೆ ಇಳಿಯುತ್ತದೆ, ಕೊಂಬು ಬಲಕ್ಕೆ ಹೋಗುತ್ತದೆ, ದೀರ್ಘ ಇನ್ನೂ ಬಲಕ್ಕೆ. ‘ಸ್ತ್ರೀ’ ಎಂದು ಬರೆಯುವಾಗ ಪೆನ್ಸಿಲ್ ಎಷ್ಟು ಸಲ ಮೇಲೇಳುತ್ತದೆ, ಎಷ್ಟು ದಿಕ್ಕಿಗೆ ಹೊರಳುತ್ತದೆ ಎಂದು ಒಮ್ಮೆ ಬರೆದು ನೋಡಿ. ಕಣ್ಣಿನ ಅಂದಾಜಿಗೂ ಬೆರಳಿನ ಚಲನೆಗೂ ಹೊಂದಾಣಿಕೆ ಕಡಿಮೆ ಇರುವ ಮಗುವಿಗೆ ಇದು ಬೆಟ್ಟ ಹತ್ತಿದಷ್ಟು ಆಯಾಸ. ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ ಕೈಬರಹದ ಪಾಠಕ್ರಮ ಇಲ್ಲಿ ಪೂರ್ತಿ ಸಲ್ಲದು. ನಮ್ಮ ಹತ್ತಿರ ನಮ್ಮದೇ ದಾರಿ ಇದೆ: 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಎಂಬ ಕಲಿಕೆಯ ಕ್ರಮದಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ‘ರ ಗ ಸ ದ ಅ’ದಿಂದ ಕಲಿಸುತ್ತಾರೆ. ಒಂದರ ಆಕಾರ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಕೈ ಬಳಲುವ ಮಗುವಿಗೆ ಇದಕ್ಕಿಂತ ಹಿತವಾದ ಆರಂಭ ಇಲ್ಲ. ಇದರ ಜೊತೆಗೆ ಬೇಕಾದ್ದು ಸಣ್ಣಪುಟ್ಟ ಸಂಗತಿಗಳು. ಪಾದ ನೆಲ ಮುಟ್ಟುವಂತೆ ಬೆಂಚಿನ ಕೆಳಗೊಂದು ಹಲಗೆ, ಪುಸ್ತಕದ ಕೆಳಗೆ ಇಳಿಜಾರು ಮಣೆ, ಪೆನ್ಸಿಲ್ಲಿಗೆ ಸುತ್ತಿದ ರಬ್ಬರು, ಕಿಟಕಿಯ ಗದ್ದಲದಿಂದ ದೂರದ ಜಾಗ, ಬರೆಯಲು ಒಂದಿಷ್ಟು ಹೆಚ್ಚು ಹೊತ್ತು. ಕೆನಡಾದ ಚೆರಿಲ್ ಮಿಸಿಯುನಾ ಮತ್ತು ಸಂಗಡಿಗರು ಇಂಥ ಮಕ್ಕಳನ್ನು ಕ್ಲಿನಿಕ್ಕಿಗೆ ಕರೆಯುವುದನ್ನು ಬಿಟ್ಟು ಥೆರಪಿಸ್ಟರನ್ನೇ ತರಗತಿಯೊಳಗೆ ನಿಲ್ಲಿಸಿದರು. ಟೀಚರ್ ಜೊತೆಗೂಡಿ ಮಾಡಿದ ಬದಲಾವಣೆಯ ಲಾಭ ಇಡೀ ತರಗತಿಗೆ ಸಿಕ್ಕಿತು.

ಮನೆಯಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಪ್ರೀತಿ ಹೆಚ್ಚು, ಹೊತ್ತು ಕಡಿಮೆ. ‘ಪಾಪ, ಅದರ ಕೈಲೆಲ್ಲಿ ಆಗುತ್ತೆ, ನಾನೇ ತಿನ್ನಿಸಿಬಿಡ್ತೀನಿ’ ಎನ್ನುತ್ತಾರೆ ಅಜ್ಜಿ. ‘ನೀವೇ ತಿನ್ನಿಸಿ ಅಜ್ಜಿ, ಆದರೆ ಕೊನೆಯ ನಾಲ್ಕು ತುತ್ತು ಅವನಿಗೇ ಬಿಡಿ’ ಎನ್ನುವುದು ಬಲ್ಲ ಥೆರಪಿಸ್ಟರ ಮಾತು. ಕೊನೆಯ ತುತ್ತುಗಳೇ ಏಕೆಂದರೆ ಹೊಟ್ಟೆ ಆಗಲೇ ತುಂಬಿರುತ್ತದೆ, ಚೆಲ್ಲಿದರೂ ಯಾರಿಗೂ ದುಗುಡವಿಲ್ಲ. ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ. ಅನ್ನವನ್ನು ಗಟ್ಟಿಯಾಗಿ ಕಲಸಿ ಉಂಡೆ ಮಾಡಿಟ್ಟರೆ ಐದೂ ಬೆರಳಲ್ಲಿ ಎತ್ತಬಹುದು. ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಬರಲು ಕಲಿತ ಮೇಲೆ ಸಾರನ್ನ. ಚಮಚ ಬೇಕೆಂದರೆ ಅದರ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರಾಯಿತು. ಗೋಡೆಯ ಮೂಲೆಯಲ್ಲಿ ಕೂರಿಸಿದರೆ ಎರಡೂ ಕಡೆ ಆಸರೆ ಸಿಕ್ಕಿ ಕೈಗಳು ಬಿಡುವಾಗುತ್ತವೆ. ಆಸ್ಪತ್ರೆಯ ಮೇಜು ಕುರ್ಚಿಯಲ್ಲಿ ಕಲಿತ ಊಟ, ನೆಲದ ಮೇಲೆ ಚಕ್ಕಳಮಕ್ಕಳ ಕೂತು ಉಣ್ಣುವ ಮನೆಯಲ್ಲಿ ಉಪಯೋಗಕ್ಕೆ ಬರದೆ ಹೋಗುವುದು ಉಂಟು. ಶೌಚಾಲಯದ ಕತೆಯೂ ಹೀಗೆಯೇ: ಕಮೋಡಿನಲ್ಲಿ ಕೂರಲು ಕಲಿತ ಮಗುವಿಗೆ ಮನೆಯಲ್ಲಿರುವುದು ಕುಕ್ಕರಗಾಲಿನದು. ಮನೆಯನ್ನು ನೋಡದೆ ಇದು ತಿಳಿಯುವುದಿಲ್ಲ.

ಮನೆಯ ಅಭ್ಯಾಸಕ್ಕೆ ಎಷ್ಟು ಬೆಲೆ? ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಹೋದ್ಯೋಗಿಗಳು ಸೆರೆಬ್ರಲ್ ಪಾಲ್ಸಿಯ 36 ಮಕ್ಕಳ ಮೇಲೆ ನಡೆಸಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಗುರಿಯನ್ನು ಕುಟುಂಬದವರೇ ಆರಿಸಿಕೊಂಡಿದ್ದರು. ಸರಾಸರಿ ತಿಂಗಳಿಗೆ ಹದಿನೇಳು-ಹದಿನೆಂಟು ಸಲ, ಒಂದೊಂದು ಸಲಕ್ಕೆ ಹದಿನಾರು-ಹದಿನೇಳು ನಿಮಿಷದ ಅಭ್ಯಾಸ. ಎಂಟು ವಾರಗಳಲ್ಲಿ ಮಕ್ಕಳ ದಿನನಿತ್ಯದ ಕೆಲಸಗಳಲ್ಲಿ ಎಣಿಕೆಗೆ ಸಿಗುವ ಸುಧಾರಣೆ ಕಂಡಿತು. ದಿನವಿಡೀ ಮಗುವಿನ ಹಿಂದೆ ಬಿದ್ದು ದಣಿದ ತಾಯಂದಿರಿಗೆ ಈ ಕಾಲು ಗಂಟೆಯ ಲೆಕ್ಕವನ್ನು ಯಾರಾದರೂ ಮುಟ್ಟಿಸಬೇಕು. ನಮ್ಮಲ್ಲಿ ಹೋಂ ಪ್ರೋಗ್ರಾಂ ಎಂದು ಹತ್ತಾರು ವ್ಯಾಯಾಮಗಳ ಚೀಟಿ ಕೊಟ್ಟು ಕಳಿಸುವುದು ಹೆಚ್ಚು. ಮಾಡಲಾಗದ ತಾಯಿ ಮುಂದಿನ ಸಲ ತಪ್ಪಿತಸ್ಥೆಯ ಹಾಗೆ ನಿಲ್ಲುತ್ತಾಳೆ. ಆ ಚೀಟಿ ಬರೆಯುವ ಮೊದಲು ಆಕೆಯ ದಿನಚರಿ ಕೇಳಬೇಕಿತ್ತು.

ಕಾನೂನು ನಮ್ಮಲ್ಲೂ ಬಂದಿದೆ. 1995ರ ಕಾಯ್ದೆಯಲ್ಲಿದ್ದ ಏಳು ಅಂಗವೈಕಲ್ಯಗಳು 2016ರ ಕಾಯ್ದೆಯಲ್ಲಿ 21 ಆದವು, ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿ ಸೇರಿವೆ. ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ, ಬೆಳವಣಿಗೆ ಕುಂಠಿತವಾದವರನ್ನು ಡಿಇಐಸಿ ಎಂಬ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತವೆ. 2021ರ ಕಾಯ್ದೆಯೊಂದು ಈ ವೃತ್ತಿಗೆ ರಾಷ್ಟ್ರಮಟ್ಟದ ಮಾನ್ಯತೆ ಕೊಟ್ಟಿದೆ. ಕರ್ನಾಟಕದ ಬ್ಲಾಕುಗಳಲ್ಲಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣಕ್ಕಾಗಿ ಇವರೇ ಬಸ್ಸು ಹತ್ತಿ ಹಳ್ಳಿಹಳ್ಳಿಗೆ ಹೋಗುತ್ತಾರೆ. ಮನೆಯ ಮೂಲೆ, ಊಟದ ತಟ್ಟೆ, ಶಾಲೆಯ ಮೆಟ್ಟಿಲು ಎಲ್ಲವನ್ನೂ ಕಂಡವರು ಅವರು. ಥೆರಪಿ ಗೊತ್ತಿರುವವರು ಜಿಲ್ಲಾ ಕೇಂದ್ರದಲ್ಲಿ, ಮಗುವಿನ ಮನೆ ಗೊತ್ತಿರುವವರು ಬ್ಲಾಕಿನಲ್ಲಿ. ಒಬ್ಬರು ಆರೋಗ್ಯ ಇಲಾಖೆ, ಇನ್ನೊಬ್ಬರು ಶಿಕ್ಷಣ ಇಲಾಖೆ. ಮಗುವಿನ ಫೈಲು ಎರಡು ಕಡೆಯೂ ಇರುತ್ತದೆ, ಒಂದರೊಳಗಿನ ಮಾತು ಇನ್ನೊಂದಕ್ಕೆ ತಲುಪುವುದು ತಾಯಿ ಹೊತ್ತು ತಂದರೆ ಮಾತ್ರ.

2020ರಲ್ಲಿ ಕೊರೊನಾ ಬಂದು ಕ್ಲಿನಿಕ್ಕುಗಳು ಮುಚ್ಚಿದಾಗ ವಿಡಿಯೊ ಕರೆಯಲ್ಲಿ ಥೆರಪಿ ನಡೆಯಿತು. ಕ್ಲಿನಿಕ್ಕಿನಲ್ಲಷ್ಟೇ ಮಗುವನ್ನು ನೋಡುತ್ತಿದ್ದವರಿಗೆ ಅದು ಉಣ್ಣುವ ನೆಲ, ಹತ್ತುವ ಹೊಸ್ತಿಲು ಕಾಣಿಸಿದ್ದು ಆಗ. ಆ ಅಭ್ಯಾಸ ಉಳಿಯಬೇಕು, ಖರ್ಚೂ ಕಡಿಮೆ. ಮಗು ಊಟ ಮಾಡುವಾಗ, ಅಂಗಿ ಹಾಕಿಕೊಳ್ಳುವಾಗ, ಬರೆಯುವಾಗ ಎರಡೆರಡು ನಿಮಿಷದ ವಿಡಿಯೊ ಮಾಡಿಕೊಂಡು ಹೋಗಿ ಥೆರಪಿಸ್ಟರಿಗೆ ತೋರಿಸುವ ಕೆಲಸವನ್ನು ಯಾವ ತಂದೆತಾಯಿಯೂ ನಾಳೆಯಿಂದಲೇ ಮಾಡಬಹುದು. ಬಿ.ಐ.ಇ.ಆರ್.ಟಿ. ಶಿಕ್ಷಕರ ಭೇಟಿಯ ದಿನ ಜಿಲ್ಲಾ ಕೇಂದ್ರದ ಥೆರಪಿಸ್ಟರು ಫೋನಿನಲ್ಲಿ ಜೊತೆಯಾಗುವಂತೆ ಮಾಡಲು ಎರಡು ಇಲಾಖೆಗಳ ನಡುವೆ ಒಂದು ಸುತ್ತೋಲೆ ಸಾಕು.