ದಪ್ಪ ಆಣಿಯ ಮೋಹ ಬೇಡ

ಹಟ್ಟಿಯ ತಡಮೆ ಸಡಿಲವಾಯಿತೆಂದರೆ ನಮ್ಮಲ್ಲಿ ಅನೇಕರು ಮಾಡುವ ಮೊದಲ ಕೆಲಸವೆಂದರೆ, ಇದ್ದುದಕ್ಕಿಂತ ದಪ್ಪದ ಆಣಿ ತಂದು ಬಡಿಯುವುದು. ನಾವೂ ಹಾಗೆಯೇ ಮಾಡಿದವರು. ಒಮ್ಮೆ ಮಳೆಗಾಲಕ್ಕೆ ಮುಂಚೆ ತಡಮೆಯ ಪಟ್ಟಿಗೆ ಆರಿಂಚಿನ ಆಣಿ ಹೊಡೆದೆವು. ಆಗ ಕೂದಲೆಳೆಯಂತೆ ಕಂಡ ಬಿರುಕು ಆಟಿ ತಿಂಗಳಲ್ಲಿ ಬೆರಳು ತೂರುವಷ್ಟಾಯಿತು. ಒಂದು ರಾತ್ರಿ ಪಟ್ಟಿ ಕಳಚಿತು. ಕರು ಹೊರಬಿದ್ದು, ಹೊಸದಾಗಿ ನೆಟ್ಟ ಅಡಿಕೆ ಸಸಿಗಳನ್ನು ತುಳಿದು ತಿಂದು ಹಾಳುಮಾಡಿತು. ಆಣಿ ಮಾತ್ರ ಬಾಗದೆ ಇತ್ತು!

ಹೀಗಾಗಲು ಕಾರಣವೇನು? ಮರವೆಂದರೆ ಉದ್ದಕ್ಕೆ ಜೋಡಿಸಿದ ನಾರಿನ ಕಟ್ಟು. ತಕ್ಕ ಗಾತ್ರದ ಆಣಿ ಹೊಕ್ಕಾಗ ನಾರುಗಳು ಸರಿದು, ಮತ್ತೆ ಆಣಿಯನ್ನು ಒತ್ತಿ ಹಿಡಿಯುತ್ತವೆ. ಈ ಒತ್ತಡವೇ ಹಿಡಿತ. ದಪ್ಪ ಆಣಿ ನಾರನ್ನು ಸೀಳಿಬಿಟ್ಟರೆ ಒತ್ತುವುದೇನು? ಅಡಿಕೆ ದಬ್ಬೆಯಂತೂ ಒಂದೇ ಏಟಿಗೆ ಉದ್ದಕ್ಕೆ ಸೀಳುತ್ತದೆ.

ಬೋಲ್ಟಿನ ಲೆಕ್ಕವೂ ಇದೇ. 3 ಇಂಚು ಅಗಲದ ಪಟ್ಟಿಗೆ 1 ಇಂಚಿನ ತೂತು ಕೊರೆದರೆ ಅಲ್ಲಿ ಉಳಿಯುವ ಮರ 2 ಇಂಚು. ಮೂರರಲ್ಲಿ ಒಂದು ಪಾಲು ಹೋಯಿತು. ಅರ್ಧ ಇಂಚಿನ ತೂತಾದರೆ ಎರಡೂವರೆ ಇಂಚು ಉಳಿಯುತ್ತದೆ. ಬೋಲ್ಟಿನ ತಲೆ ಮರದೊಳಗೆ ಇಳಿಯುತ್ತಿದ್ದರೆ ದಪ್ಪ ಬೋಲ್ಟು ಮದ್ದಲ್ಲ, ಅಗಲವಾದ ವಾಷರು ಮದ್ದು.

ಹಾಗಾದರೆ ಮಾಡತಕ್ಕದ್ದೇನು?

ಮೊದಲನೆಯದು, ಆಣಿಗಿಂತ ತುಸು ಸಪೂರದ ಬೈರಿಗೆಯಿಂದ ತೂತು ಮಾಡಿಕೊಂಡು ಆಮೇಲೆ ಹೊಡೆಯಿರಿ. ಒಂದು ದಪ್ಪ ಆಣಿಯ ಬದಲು ಎರಡು ಸಪೂರದವು ಲೇಸು. ಆದರೆ ಅವು ನಾರಿನ ಒಂದೇ ಗೆರೆಯಲ್ಲಿಯೂ, ಹಲಗೆಯ ತುದಿಗೆ ತೀರ ಹತ್ತಿರದಲ್ಲಿಯೂ ಇರಬಾರದು. ಉದ್ದವು ಮೇಲಿನ ಹಲಗೆಯ ದಪ್ಪದ ಸುಮಾರು ಮೂರರಷ್ಟಿದ್ದರೆ ಸಾಕು: 1 ಇಂಚಿನ ಹಲಗೆಗೆ 3 ಇಂಚಿನ ಆಣಿ.

ಎರಡನೆಯದು, ಹಳೆಯ ತೂತು ಸಡಿಲವಾಗಿದ್ದರೆ ಒಣಗಿದ ಮರದ ಬೆಣೆಯನ್ನು ಅದರಲ್ಲಿ ಬಡಿದು ಸಮಮಾಡಿ, ಹಳೆಯ ಗಾತ್ರದ ಆಣಿಯನ್ನೇ ಹೊಡೆಯಿರಿ.

ಮೂರನೆಯದು, ಆಣಿಯೇ ಬೇಡದ ಕಡೆ ಹಗ್ಗವಿದೆ. ದಬ್ಬೆಯ ಬೇಲಿಗೆ ಹುರಿಹಗ್ಗದ ಕಟ್ಟು ಸಾಕು. ಟಾರ್ಪಾಲಿನ ಕಣ್ಣು ಹರಿದುಹೋದರೆ ದೊಡ್ಡ ಪಿನ್ನು ಚುಚ್ಚಬೇಡಿ. ಆ ತೂತೇ ಮುಂದೆ ಹರಿಯುತ್ತದೆ. ನುಣುಪಾದ ಕಲ್ಲೊಂದನ್ನು ಮೂಲೆಯೊಳಗಿಟ್ಟು, ಬಟ್ಟೆಯನ್ನು ಅದರ ಸುತ್ತ ಮುದುಡಿ, ಕುತ್ತಿಗೆಗೆ ಹಗ್ಗ ಬಿಗಿಯಿರಿ. ಗಾಳಿ ಎಷ್ಟು ಎಳೆದರೂ ಕಲ್ಲು ಜಾರಿಹೋಗದು.

ಆದರೆ ಒಂದು ಎಚ್ಚರಿಕೆ. ಬಂಡಿಯ ಕಡಾಣಿ, ಟ್ರ್ಯಾಕ್ಟರಿಗೆ ಟ್ರೈಲರನ್ನು ಕೂಡಿಸುವ ಪಿನ್ನು, ಇವುಗಳಲ್ಲಿ ಉಳಿತಾಯ ಸಲ್ಲದು. ಅದಕ್ಕೆಂದೇ ಮಾಡಿದ ಗಾತ್ರದ್ದೇ ಬೇಕು, ಕೆಳಗಿನ ಕ್ಲಿಪ್ಪೂ ಬೇಕು. ಅಲ್ಲಿ ಆಣಿ ಸಿಕ್ಕಿಸಿ ಹೊರಟರೆ ಇಳಿಜಾರಿನಲ್ಲಿ ಜೀವಕ್ಕೇ ಅಪಾಯ.

ಕಿತ್ತ ಆಣಿಗಳನ್ನು ಹಟ್ಟಿಯಲ್ಲಿ ಬಿಡಬೇಡಿ. ದನವು ಮೇವನ್ನು ಚೆನ್ನಾಗಿ ಅಗಿಯದೆ ನುಂಗುತ್ತದೆ. ಆಣಿ, ತಂತಿಯ ತುಂಡುಗಳು ಅದರ ಎರಡನೆಯ ಹೊಟ್ಟೆಯಲ್ಲಿ ನಿಂತು, ಅಲ್ಲಿಂದ ಚುಚ್ಚಿಕೊಂಡು ಹೃದಯದವರೆಗೂ ಹೋಗಬಲ್ಲವು. ಕೆಲಸ ಮುಗಿದ ಮೇಲೆ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನೆಲದ ಮೇಲೆ ಎಳೆಯಿರಿ. ಕಣ್ಣಿಗೆ ಬೀಳದವೂ ಸಿಗುತ್ತವೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಹಿರಿಯರು ಕೇಳಿದ್ದಾರೆ. ಮಳೆ ಹಿಡಿಯುವ ಮೊದಲು ಪ್ರತಿಯೊಬ್ಬರೂ ತಮ್ಮ ತಮ್ಮ ತಡಮೆಗಳನ್ನು ಒಮ್ಮೆ ಅಲುಗಾಡಿಸಿ ನೋಡುವುದು ಒಳ್ಳೆಯದು.