ನಾಯಿಯ ತಟ್ಟೆಗೆ ಹಸಿ ಮಾಂಸವೇ?

ವಡಾಲದ ನಮ್ಮ ಬಿಲ್ಡಿಂಗುಗಳಲ್ಲಿ ನಾಯಿ ಸಾಕುವವರೇನೋ ಹೆಚ್ಚಿದ್ದಾರೆ. ಅದಕ್ಕೆ ಏನು ಉಣಿಸಬೇಕೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಅಂಗಡಿಯ ಚೀಲದ ಒಣ ಆಹಾರ ಬೇಡ, ನಾಯಿ ತೋಳದ ವಂಶದ್ದಲ್ಲವೇ, ಹಸಿ ಮಾಂಸವನ್ನೂ ಹಸಿ ಎಲುಬನ್ನೂ ಕೊಡಿರಿ ಎನ್ನುವವರುಂಟು. 1993ರಲ್ಲಿ ಪುಸ್ತಕ ಬರೆದು ಈ ವಾದವನ್ನು ಹಬ್ಬಿಸಿದವರು ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್.

ವಂಶದ ಮಾತು ನಿಜವೇ. ಆದರೆ ಸಾವಿರಾರು ವರ್ಷ ಮನುಷ್ಯನ ಎಂಜಲುಂಡ ನಾಯಿ ಈಗ ತೋಳವಲ್ಲ. ಪಿಷ್ಟವನ್ನು ಅರಗಿಸಲು ನೆರವಾಗುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ನಮ್ಮ ಮುಧೋಳದ ಬೇಟೆನಾಯಿ ಜೋಳದ ರೊಟ್ಟಿ ತಿಂದೇ ಮೊಲವನ್ನು ಬೆನ್ನಟ್ಟಲಿಲ್ಲವೇ!

ನಮ್ಮ ಅಂಜಿಕೆ ಬೇರೆಯೇ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಫ್ರಿಜ್ಜಿನ ತಣ್ಪಿಗೆ ಅದು ಸಾಯದು. ನಾಯಿ ಆರೋಗ್ಯವಾಗಿಯೇ ಕಂಡರೂ ಅದರ ನಾಲಗೆಯಿಂದ, ಮಲದಿಂದ ಮನೆಯವರಿಗೆ ತಗಲೀತು. ಕುರಿಯ ಹಸಿ ಯಕೃತ್ತು, ಶ್ವಾಸಕೋಶಗಳಿಂದ ಲಾಡಿಹುಳುವೂ ನಾಯಿಗೆ ಬರುವುದುಂಟು, ಅದರಿಂದ ನಮಗೆ. ಅಂಬೆಗಾಲಿನ ಮಗು, ಮುಪ್ಪಿನ ಅಜ್ಜಿ, ನಾಯಿಯ ತಟ್ಟೆ ಮೂರೂ ಒಂದೇ ಕೋಣೆಯಲ್ಲಿರುವ ಮುಂಬಯಿಯ ಸಂಸಾರಕ್ಕೆ ಇದು ಸಣ್ಣ ಮಾತಲ್ಲ.

ಚೀಲದ ಆಹಾರ ಒಗ್ಗದಿದ್ದರೆ ಮಾಂಸವನ್ನು ಬೇಯಿಸಿ ಅನ್ನದೊಡನೆ ಕೊಡಬಹುದು. ಆದರೆ ಬರಿಯ ಮಾಂಸ-ಅನ್ನದಲ್ಲಿ ಸುಣ್ಣದಂಶ ಸಾಲದು, ಮರಿಗಳ ಮೂಳೆ ಸೊಟ್ಟಗಾದಾವು. ಅಳತೆಯನ್ನು ಪಶುವೈದ್ಯರಿಂದಲೇ ಕೇಳಿಕೊಳ್ಳಿರಿ. ಬೆಂದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ, ಹಾಕಬೇಡಿರಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷವಾದುದರಿಂದ ನಮ್ಮ ಸಾರಿನ ಅನ್ನವೂ ಬೇಡ.